ಬ್ಯಾಟಿನ ಹಿಡಿಗೆ ಒಂದು ಹನಿ ಶಾಯಿ

ಮುರಿದ ಬ್ಯಾಟಿನ ಎರಡು ತುಂಡುಗಳನ್ನು ದೈಹಿಕ ಶಿಕ್ಷಣದ ಮೇಡಂ ತಂದು ನನ್ನ ಮೇಜಿನ ಮೇಲಿಟ್ಟರು. ನಾನು ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ವರ್ಕ್‌ಶಾಪ್ ನೋಡಿಕೊಳ್ಳುವವನು. ಬೇಸ್‌ಬಾಲ್ ಬಗ್ಗೆ ನನಗೆ ಗೊತ್ತಿದ್ದದ್ದು ಅಷ್ಟಕ್ಕಷ್ಟೆ.

"ಇದು ಬ್ಯಾಟಲ್ಲ ಸರ್, ಈಟಿ. ಚೆಂಡೆಸೆಯುವ ಹುಡುಗಿಯ ಕಿವಿಯ ಹತ್ತಿರದಿಂದ ಹೋಯ್ತು. ಅವಳೀಗ ಮರದ ಬ್ಯಾಟಿನೆದುರು ನಿಲ್ಲುದಿಲ್ಲ ಅಂತ ಕೂತಿದ್ದಾಳೆ. ಅವಳಿಲ್ಲದಿದ್ರೆ ಟೀಮೇ ಇಲ್ಲ. ನಿಮ್ಮಿಂದ ಎಂತಾದ್ರೂ ಆಗ್ತದಾ?"

ತುಂಡಿನ ತುದಿ ಗೇಣುದ್ದಕ್ಕೆ ಚೂಪಾಗಿತ್ತು. ಒಣ ಕಡ್ಡಿಯನ್ನು ಬಗ್ಗಿಸಿದರೆ ಅಡ್ಡಕ್ಕೆ ಮುರಿಯುತ್ತದೆ. ಇದು ಓರೆಯಾಗಿ ಯಾಕೆ ಸೀಳಿತು? ಆ ಪ್ರಶ್ನೆ ನನ್ನನ್ನು ಒಂದು ವಾರ ಬಿಡಲಿಲ್ಲ.

ಓದಿದೆ. ಮರವೆಂದರೆ ನಾರುಗಳ ಒಂದು ಕಟ್ಟು. ನಾರು ಹಿಡಿಯ ಉದ್ದಕ್ಕೂ ಹೋದರೆ ಹೊಡೆತವನ್ನು ತಡೆಯುತ್ತದೆ. ಓರೆಯಾಗಿ ಹೊರಗೆ ಹಾದುಹೋದರೆ ಅದೇ ದಾರಿಯಲ್ಲಿ ಜಾರಿ ಸೀಳುತ್ತದೆ. ಹೊರದೇಶದಲ್ಲಿ ಬ್ಯಾಟಿನ ಹಿಡಿಗೆ ಒಂದು ಹನಿ ಶಾಯಿ ಬಿಟ್ಟು ನೋಡುತ್ತಾರಂತೆ. ಶಾಯಿ ನಾರಿನ ಗುಂಟ ಹರಿಯುತ್ತದೆ, ಮೂರು ಡಿಗ್ರಿಗಿಂತ ಹೆಚ್ಚು ವಾಲಿದರೆ ಆ ಬ್ಯಾಟು ಬೇಡ. ಇದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಅಲ್ಲಿಯವರ ಮರ ನಮ್ಮಲ್ಲಿಲ್ಲ. ತಡಸಲು ಮರ ಉಂಟು. ಬಾಗುತ್ತದೆ, ಬೇಗ ಮುರಿಯುವುದಿಲ್ಲ. ನಮ್ಮೂರು ಲಾಯಿಲದಲ್ಲಿ ನನ್ನ ಅಪ್ಪ ಅದರಿಂದಲೇ ಕೊಡಲಿಗೆ ಕಾವು ಮಾಡಿ ನಮ್ಮನ್ನು ಸಾಕಿದ್ದು. ಆದರೂ ನಾನು ಅಪ್ಪನನ್ನು ಕೇಳಲಿಲ್ಲ. ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವನು ನಾನು, ಹಗಲು ಕೆಲಸ ಮಾಡಿ ಸಂಜೆ ಓದಿ ತೆಗೆದುಕೊಂಡ ಡಿಗ್ರಿ ಅದು. ಮರದ ತುಂಡು ಕೇಳಲಿಕ್ಕೆ ಮನೆಗೆ ಹೋಗುವುದೇ ಎಂದು ಬಂಟ್ವಾಳದ ಒಂದು ಮಿಲ್ಲಿಗೆ ಹೋದೆ. ಅಲ್ಲಿ ಕೊಂಡ ತಡಸಲಿನ ಹಲಗೆಯ ಗೆರೆಗಳು ಸ್ಕೇಲ್ ಇಟ್ಟು ಎಳೆದಷ್ಟು ನೇರವಾಗಿದ್ದವು. ಲೇತಿನಲ್ಲಿ ತಿರುಗಿಸಿದೆ. ಮುರಿದ ಬ್ಯಾಟಿನ ಕುತ್ತಿಗೆ ಬಹಳ ಸಪೂರ ಇತ್ತು; ನನ್ನದಕ್ಕೆ ಸ್ವಲ್ಪ ದಪ್ಪ ಇಟ್ಟೆ, ದಪ್ಪದಿಂದ ಸಪೂರಕ್ಕೆ ನಿಧಾನವಾಗಿ ಇಳಿಸಿದೆ. ಪಾಲಿಶ್ ಹಾಕಿದಾಗ ನನಗೇ ಕಣ್ಣು ತೆಗೆಯಲಾಗಲಿಲ್ಲ. ಅದರ ಮೇಲೆ ಶಾಯಿಯ ಕಲೆ ಯಾಕೆ? ಗೆರೆ ನೇರ ಇರುವುದು ಕಾಣುತ್ತದಲ್ಲ.

ಭಾನುವಾರ ಅದನ್ನು ಅಪ್ಪನಿಗೆ ತೋರಿಸಲು ಬಸ್ಸು ಹತ್ತಿದೆ.

"ಯಾರಿಗೆ ಬಾರಿಸ್ಲಿಕ್ಕೆ ಸರ್?" ಎಂದ ಕಂಡಕ್ಟರ್.

"ಟಿಕೆಟ್ ಕೊಡದವರಿಗೆ," ಎಂದೆ.

ಅಪ್ಪ ಬ್ಯಾಟನ್ನು ತಿರುಗಿಸಿ ತಿರುಗಿಸಿ ನೋಡಿದರು. ನಮ್ಮ ಮಾತು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಕಾವು ಉದ್ದ ಆಯ್ತು. ಕೊಡಲಿ ಎಲ್ಲಿ?"

"ಇದಕ್ಕೆ ಕೊಡಲಿ ಇಲ್ಲ ಅಪ್ಪ. ಚೆಂಡು ಹೊಡೆಯುವುದು."

"ಹೌದಾ. ಮರ ಸೀಳಿದ್ದಾ, ಕೊಯ್ಸಿದ್ದಾ?"

"ಮಿಲ್ಲಿನಲ್ಲಿ ಕೊಯ್ಸಿದ್ದು."

"ಹಾಗಾದ್ರೆ ನಂಗೆ ಗೊತ್ತಿಲ್ಲ ಮಾರಾಯ. ಗರಗಸ ತನ್ನ ದಾರಿಯಲ್ಲಿ ಹೋಗ್ತದೆ, ಮರದ ದಾರಿ ಅದು ಕೇಳುದಿಲ್ಲ."

ನನಗೆ ಸಿಟ್ಟು ಬಂತು. ಅಪ್ಪನಿಗೆ ತೋರಿಸಿಬಿಡುತ್ತೇನೆಂದೇ ಕಿಸೆಯ ಪೆನ್ನು ಬಿಚ್ಚಿ, ಹಿಡಿಯ ಪಾಲಿಶನ್ನು ಸ್ವಲ್ಪ ಕೆರೆದು, ಒಂದು ಹನಿ ಬಿಟ್ಟೆ. ನೀಲಿ ಹರಡಿತು, ಸಣ್ಣ ಬಾಲ ಬಿಟ್ಟಿತು. ಬಾಲ ಹಿಡಿಯ ಉದ್ದಕ್ಕೆ ಹೋಗಲಿಲ್ಲ, ಅಂಚಿನ ಕಡೆ ವಾಲಿತು. ಪಕ್ಕದಲ್ಲಿ ಇನ್ನೊಂದು ಹನಿ ಬಿಟ್ಟೆ. ಅದೂ ಅತ್ತಲೇ ಹೋಯಿತು. ತಂಗಿಯ ಮಗಳ ಕಂಪಾಸ್ ಪೆಟ್ಟಿಗೆಯಿಂದ ಕೋನಮಾಪಕ ತಂದು ಇಟ್ಟೆ. ಮೂರು ಡಿಗ್ರಿ ಯಾವಾಗಲೋ ದಾಟಿತ್ತು. ನಾನು ನೋಡಿ ಮೆಚ್ಚಿದ್ದು ಮರ ಬೆಳೆದ ವರ್ಷಗಳ ಗೆರೆ. ನಾರು ಬೇರೆಯೇ ದಾರಿ ಹಿಡಿದಿತ್ತು, ಬರಿಗಣ್ಣಿಗೆ ಕಾಣದಂತೆ.

ಅಪ್ಪ ಗೆದ್ದವರ ಹಾಗೆ ಏನೂ ಹೇಳಲಿಲ್ಲ. "ಚಂದ ಆಗಿದೆ," ಎಂದರು. "ಆದ್ರೆ ಕೊಡ್ಬೇಡ."

ಸೋಮವಾರ ಚೆಂಡೆಸೆಯುವ ಆ ಹುಡುಗಿ ವರ್ಕ್‌ಶಾಪಿನ ಬಾಗಿಲಲ್ಲಿ ನಿಂತಿದ್ದಳು. ನಾನು ಹಿಡಿದಿದ್ದ ಬ್ಯಾಟಿನ ದಪ್ಪ ತುದಿಯನ್ನು ಎತ್ತಿ ತೂಕ ನೋಡಿ, "ನೀವೇ ಮಾಡಿದ್ದಲ್ವಾ ಸರ್, ಹಾಗಾದ್ರೆ ನಾನು ನಿಲ್ತೇನೆ," ಎಂದಳು.

ಹೂಂ ಎನ್ನಲು ಬಾಯಿ ತೆರೆದಿತ್ತು. ಶಾಯಿಯ ಕಲೆಯನ್ನು ನನ್ನ ಬೆರಳು ಮುಚ್ಚಿಕೊಂಡಿತ್ತು ಎಂಬುದು ಆಗ ಗೊತ್ತಾಯಿತು. ಬೆರಳು ತೆಗೆದು ತೋರಿಸಿದೆ. ಅವಳ ಎದುರಿಗೇ ಅದನ್ನು ಲ್ಯಾಬಿನ ಬಗ್ಗಿಸುವ ಯಂತ್ರಕ್ಕೆ ಹಾಕಿದೆ. ಮೊದಲು ಟಿಕ್ ಎಂದಿತು, ಆಮೇಲೆ ಸೀಳಿತು, ನೀಲಿ ಬಾಲ ತೋರಿಸಿದ ದಿಕ್ಕಿಗೇ. ತುದಿ ಗೇಣುದ್ದ, ಚೂಪು.

"ಇದೂ ಈಟಿಯೇ ಸರ್," ಎಂದಳು ಮೆಲ್ಲಗೆ.

ಮುಂದಿನ ಭಾನುವಾರ ಅಪ್ಪ ಒಣಗಿದ ತಡಸಲಿನ ದಿಮ್ಮಿಗೆ ಬೆಣೆ ಹೊಡೆದು ಸೀಳಿದರು. ಮೊದಲ ಸೀಳು ತಿರುಚಿಕೊಂಡು ಬಂತು, ಒಲೆಗೆ ಎಂದರು. ಎರಡನೆಯದೂ ಒಲೆಗೆ. ಮೂರನೆಯದು ಮೇಲಿನಿಂದ ಕೆಳಗಿನವರೆಗೆ ನೇರ ಇಳಿಯಿತು. ಅದರಿಂದ ಮಾಡಿದ ಬ್ಯಾಟು ಮೊದಲಿನಷ್ಟು ಚಂದವಿಲ್ಲ, ಹೊಟ್ಟೆಯಲ್ಲೊಂದು ಕಪ್ಪು ಗಂಟಿನ ಗುರುತು ಉಂಟು. ಪಾಲಿಶ್ ಹಾಕುವ ಮೊದಲೇ ಶಾಯಿ ಬಿಟ್ಟೆ, ಬಾಲ ಹಿಡಿಯ ಉದ್ದಕ್ಕೇ ಹೋಯಿತು. ಯಂತ್ರದಲ್ಲಿ ಅದೇ ಸೀಳಿನಿಂದ ಉಳಿದ ತುಂಡೊಂದನ್ನು ಬಗ್ಗಿಸಿದೆ. ಬಿಲ್ಲಿನಂತೆ ಬಾಗಿತು, ಬಹಳ ಹೊತ್ತಿನ ಮೇಲೆ ನಾರು ನಾರಾಗಿ ಬಿಟ್ಟುಕೊಂಡಿತು, ಆದರೆ ಎರಡಾಗಲಿಲ್ಲ.

ಆ ಬ್ಯಾಟು ಮೈದಾನಕ್ಕೆ ಹೋದ ದಿನ ನಾನೂ ಹೋದೆ. ಹೊಡೆಯುವವಳು ಸಿದ್ಧಳಾಗಿ ನಿಂತಳು. ಚೆಂಡೆಸೆಯುವ ಹುಡುಗಿ ಎಸೆಯಲಿಲ್ಲ. ಚೆಂಡನ್ನು ಕಂಕುಳಿಗಿಟ್ಟುಕೊಂಡು ನಡೆದು ಬಂದು, ಬ್ಯಾಟನ್ನು ಬಿಸಿಲಿಗೆ ಹಿಡಿದು ಹಿಡಿಯ ಮೇಲಿನ ನೀಲಿ ಚುಕ್ಕೆಯನ್ನು ಹುಡುಕಿದಳು. ಬೆರಳಿನಿಂದ ಅದರ ಬಾಲದ ಗುಂಟ ಒಮ್ಮೆ ಎಳೆದು ನೋಡಿದಳು.

"ಸರಿ ಉಂಟು," ಎಂದು ತನ್ನ ಜಾಗಕ್ಕೆ ಹೋದಳು.