ಬೀಗದ ಕೈಗೊಂದು ಚಕ್ಕುಲಿ

ನೆಟ್ಟಣ ಸ್ಟೇಷನ್ನಿನಲ್ಲಿ ರೈಲು ತಡವಾದಾಗಲೆಲ್ಲ ನಾನು ಫೋನಿನಲ್ಲಿ ಅಡಗಿದ ವಸ್ತು ಹುಡುಕುವ ಆಟ ಆಡುತ್ತೇನೆ. ಅದರಲ್ಲಿ ಗಡಿಯಾರದ ಅವಸರವಿಲ್ಲ, ಸೋಲೂ ಇಲ್ಲ. ಸಾಮಾನು ತುಂಬಿದ ಕೋಣೆಯ ಚಿತ್ರದಲ್ಲಿ ಕೊಡೆ, ಬಾಚಣಿಗೆ ಹುಡುಕುತ್ತಾ ಕೂತರೆ ತಲೆ ತಣ್ಣಗಾಗುತ್ತದೆ. ಆವತ್ತು ಒಂದು ಬೀಗದ ಕೈ ಮಾತ್ರ ಸಿಗಲೇ ಇಲ್ಲ. ಸುಳಿವು ಬೇಕಾದರೆ ದುಡ್ಡು ಕೊಡಿ ಎಂದಿತು ಆಟ.

ಪಕ್ಕದಲ್ಲಿ ಕೂತು ಇಣುಕುತ್ತಿದ್ದ ಗುತ್ತಿಗಾರಿನ ಅಕ್ಕ, “ಕೊರಗಜ್ಜನಿಗೆ ಚಕ್ಕುಲಿ ಹೇಳಿಕೊಳ್ಳಿ,” ಅಂದರು. ನಮ್ಮ ಕಡೆ ಏನು ಕಳೆದರೂ ಹರಕೆ ಹೋಗುವುದು ಆ ದೈವಕ್ಕೇ.

“ಇದು ಆಟ ಅಕ್ಕಾ, ನಿಜವಾಗಿ ಕಳೆದದ್ದಲ್ಲ.”

“ಸಿಗುದಿಲ್ಲ ಅಲ್ವಾ? ಮತ್ತೆಂತ?” ಎಂದವರು ನನ್ನ ಪರವಾಗಿ ತಾವೇ ಕೈಮುಗಿದರು.

ನೋಡಿದರೆ ಬೀಗದ ಕೈ ಚಿತ್ರದ ಕಿಟಕಿ ಪರದೆಯ ಮಡಿಕೆಯಲ್ಲೇ ನೇತಾಡುತ್ತಿತ್ತು.

ಅಕ್ಕನಿಗೆ ಆಟ ಬಹಳ ಹಿಡಿಸಿತು. “ಒಳ್ಳೆದುಂಟು ಮಾರಾಯ್ರೆ. ಎಷ್ಟು ಹೊತ್ತು ಹುಡುಕಿದ್ರೂ, ಎಲ್ಲಿ ಇಟ್ಟದ್ದು ಅಂತ ಬೈಯುವವರಿಲ್ಲ. ಹರಕೆ ಮಾತ್ರ ಮರೀಬೇಡಿ.”

ರೈಲು ಹತ್ತಿದ ಮೇಲೆ ಫೋನು ಆಟದ ಬಗ್ಗೆ ಅಭಿಪ್ರಾಯ ಕೇಳಿತು. ಐದು ನಕ್ಷತ್ರ ಕೊಟ್ಟು ಅಕ್ಕನ ಮಾತನ್ನೇ ಬರೆದೆ. ಹರಕೆಯ ವಿಷಯ ಮಾತ್ರ ಬರೆಯಲಿಲ್ಲ. ಆಟದವರಿಗೆ ಗೊತ್ತಾದರೆ ಸುಳಿವಿನ ಜೊತೆ ಚಕ್ಕುಲಿಯನ್ನೂ ಮಾರಲು ಇಟ್ಟಾರು.