ಸುಳ್ಳು ಆರತಿಯ ಚಿಗಳಿ

ಹಾಲಮ್ಮ, ನೀನು ಬಸುರಿಯಲ್ಲ ಎಂಬುದು ನನಗೆ ಗೊತ್ತಿತ್ತು. ಅಜ್ಜಂಪುರದ ಹೈಸ್ಕೂಲಿನಲ್ಲಿ, ಅಂಗಡಿ ಬೀದಿಯಲ್ಲಿ, ನಿಮ್ಮ ಬುಕ್ಕಾಂಬುಧಿಯ ಕೆರೆಯಲ್ಲಿ ಬಟ್ಟೆ ಒಗೆಯುವ ಹೆಂಗಸರ ಬಾಯಲ್ಲಿ ನಿನ್ನ ಹೆಸರು ಚಿಂದಿಯಾಗುತ್ತಿದ್ದಾಗ, ನಿನಗೆ ಆಗಿರುವುದೇನು ಎಂದು ಊಹಿಸಬಲ್ಲವಳು ನಾನೊಬ್ಬಳೇ ಇದ್ದೆ. ಒಂದು ಮಾತು ಸಾಕಿತ್ತು. ಆಡಲಿಲ್ಲ. ಮರೆವಿನಿಂದಲ್ಲ — ಯೋಚಿಸಿ, ಲಾಭ ನಷ್ಟ ತೂಗಿ, ಬಾಯಿ ಮುಚ್ಚಿಕೊಂಡೆ.

ಆಗ ಎಪ್ಪತ್ತರ ದಶಕ ಮುಗಿಯುತ್ತಿತ್ತು. ನಾನು ಆ ಶಾಲೆಯ ಒಬ್ಬಳೇ ಹೆಂಗಸು ಟೀಚರು. ವಿಜ್ಞಾನದವಳು, ಮದುವೆಯಾಗದವಳು, ಮೈಸೂರಿನಲ್ಲಿ ಓದಿ ಬಂದ ಕೊಬ್ಬು ಇನ್ನೂ ಕರಗದವಳು. ಹುಡುಗಿಯರಿಗೆ ಆರೋಗ್ಯ ಶಿಕ್ಷಣ ಕೊಡಿ ಎಂದು ಮೇಲಿನಿಂದ ಆದೇಶ ಬಂದಾಗ ಹೆಡ್ಮಾಸ್ಟರು ಕಾಗದವನ್ನು ಬೆರಳ ತುದಿಯಲ್ಲಿ ಹಿಡಿದು ನನ್ನ ಮೇಜಿನ ಮೇಲಿಟ್ಟರು. "ಇದು ನಿಮ್ಮ ಡಿಪಾರ್ಟ್‌ಮೆಂಟು ಮೇಡಂ," ಎಂದರು — ಮುಖ ಕಿಟಕಿಯ ಕಡೆಗಿತ್ತು. ಐದು ಮಕ್ಕಳ ತಂದೆ ಅವರು. ಆ ಐದೂ ಮಕ್ಕಳು ಸರ್ಕಾರಿ ಆದೇಶದಿಂದ ಹುಟ್ಟಿದವೇನೋ ಎನ್ನುವಂತಿತ್ತು ಆ ನಾಚಿಕೆ.

ಕಡೂರಿನಲ್ಲಿ ತರಬೇತಿ ನಡೆಯಿತು. ಮೇಷ್ಟರುಗಳು ಪೇಪರ್ ಓದುತ್ತಿದ್ದರು, ಇಲ್ಲವೆ ತೂಕಡಿಸುತ್ತಿದ್ದರು. ಮಾತಾಡಲು ಬಂದಿದ್ದ ಲೇಡಿ ಡಾಕ್ಟರು ಮಾತ್ರ ಯಾರ ಮುಲಾಜೂ ಇಲ್ಲದೆ ನೇರವಾಗಿ ಹೇಳಿದರು: "ಹದಿನಾರು ತುಂಬಿದ್ರೂ ಹುಡುಗಿ ನೆರೆದಿಲ್ಲ, ಆದ್ರೆ ತಿಂಗಳು ತಿಂಗಳೂ ಹೊಟ್ಟೆನೋವು ಬರುತ್ತೆ ಅಂದ್ರೆ ತಡ ಮಾಡಬೇಡಿ, ನಮ್ಮ ಹತ್ರ ಕಳಿಸಿ. ಹುಟ್ಟಿನಿಂದಲೇ ದಾರಿ ಮುಚ್ಚಿರಬಹುದು. ರಕ್ತ ಒಳಗೇ ತುಂಬಿಕೊಂಡು ಹೊಟ್ಟೆ ಉಬ್ಬುತ್ತೆ. ನೀವು ಇನ್ನೇನೋ ಅಂದ್ಕೊಂಡು ಆ ಮಗೂನ ಕೊಂದ್ಬಿಡಬೇಡಿ." ನನ್ನ ಪಕ್ಕದವಳು ಸೆರಗು ಬಾಯಿಗೆ ಒತ್ತಿಕೊಂಡು ಕಿಸಕ್ಕನೆ ನಕ್ಕಳು. ನಾನೂ ನಕ್ಕೆ. ಆದರೆ ಮಾತು ಕಿವಿಗೆ ಬಿದ್ದಿತ್ತು — ಅದನ್ನು ಇಲ್ಲ ಎನ್ನಲಾರೆ.

ಇನ್ನು ನನ್ನ ಆ ಘನವಾದ ಪಾಠ. ಗಂಡುಹುಡುಗರನ್ನು ಮೈದಾನದಲ್ಲಿ ಕಲ್ಲು ಆರಿಸಲು ಅಟ್ಟಿದ್ದಾಯಿತು. ಹೊಲಿಗೆ ಕೋಣೆಯ ಕಿಟಕಿಗಳನ್ನು ಮುಚ್ಚಿಸಿದ್ದಾಯಿತು. ತರಬೇತಿಯಲ್ಲಿ ಕೊಟ್ಟಿದ್ದ ಚಿತ್ರಪಟವನ್ನು ನೋಡಿ ಹೆಡ್ಮಾಸ್ಟರು, "ಅದೊಂದನ್ನ ಬಿಚ್ಚಬೇಡಿ ಮೇಡಂ, ಕಮಿಟಿಯೋರು ಬಂದ್ಬಿಟ್ರೆ ಕಷ್ಟ," ಎಂದಿದ್ದರಿಂದ ಅದು ಬೀರುವಿನ ಮೇಲೆ ಸುತ್ತಿದ ಹಾಗೇ ಕೂತಿತು. ನಾನು ಒಂದು ದಾಸವಾಳ ಹಿಡಿದುಕೊಂಡು ಹೋದೆ. ಕೇಸರ ತೋರಿಸಿದೆ, ಶಲಾಕೆ ತೋರಿಸಿದೆ, "ಮನುಷ್ಯರಲ್ಲೂ ಹೆಚ್ಚುಕಡಿಮೆ ಹೀಗೇ," ಎಂದೆ. ತಿಂಗಳು ತಿಂಗಳೂ ಆಗುವುದರ ಬಗ್ಗೆ ಎರಡು ಮಾತು, ಬಟ್ಟೆ ಒಗೆದು ಒಣಗಿಸುವುದರ ಬಗ್ಗೆ ಒಂದು ಮಾತು. ಉಳಿದ ಸಮಯವೆಲ್ಲ ಮಾನದ ಬಗ್ಗೆ — ಹುಡುಗಿಯರು ಹೇಗೆ ಕೂರಬೇಕು, ಹೇಗೆ ನಗಬಾರದು, ಬಸ್ ಸ್ಟ್ಯಾಂಡಿನಲ್ಲಿ ಎಲ್ಲಿ ನಿಲ್ಲಬಾರದು. ನೀವು ತಲೆ ತಗ್ಗಿಸಿ ಕೂತಿದ್ದಿರಿ. ಒಬ್ಬಳೂ ಪ್ರಶ್ನೆ ಕೇಳಲಿಲ್ಲ. ಯಾರೂ ಸಂದೇಹ ಕೇಳಲಿಲ್ಲವಾದ್ದರಿಂದ ಪಾಠ ಬಹಳ ಪರಿಣಾಮಕಾರಿಯಾಗಿತ್ತು ಎಂದು ಮೇಲಿನವರಿಗೆ ವರದಿ ಹೋಯಿತು. ಹೌದು, ನಾನೇ ಬರೆದದ್ದು.

ನಗು ಬರುತ್ತದೆ, ಹಾಲಮ್ಮ — ಕಹಿ ನಗು. ಶಾಲೆಯಲ್ಲಿ ಕಿಟಕಿ ಮುಚ್ಚಿ ಪಿಸುಗುಟ್ಟುವ ಇದೇ ಸಂಗತಿಯನ್ನು ನಮ್ಮ ಜನ ಹುಡುಗಿಯನ್ನು ಹಸೆಯ ಮೇಲೆ ಕೂರಿಸಿ, ಬೀದಿಯವರನ್ನೆಲ್ಲ ಕರೆದು, ಹಾಡು ಹೇಳಿ ಆರತಿ ಎತ್ತಿ ಸಾರುತ್ತಾರೆ. ಆ ಪಾಠಕ್ಕೆ ಕೆಲವು ತಿಂಗಳ ಮುಂಚೆ, ನೀನು ನೆರೆದೆಯೆಂದು ಮಾಡಿದ ಒಸಗೆಗೆ ನಾನೂ ಬಂದಿದ್ದೆನಲ್ಲ. ನಿಮ್ಮವ್ವ ನನ್ನನ್ನು ಒಳಗೆ ಕರೆದು ಕೂರಿಸಿ, ಎಳ್ಳುಬೆಲ್ಲ ಕುಟ್ಟಿ ಕಟ್ಟಿದ ಚಿಗಳಿ ಉಂಡೆಯನ್ನು ಕೈತುಂಬ ಕೊಟ್ಟರು. "ತಡವಾದ್ರೂ ದೇವರು ಕಣ್ಬಿಟ್ಟ ಟೀಚರಮ್ಮ," ಎಂದರು. ನಿನ್ನ ಸೋದರಮಾವನ ಮನೆಯವರು ಮುಂದಿನ ಸಾಲಿನಲ್ಲೇ ಕೂತಿದ್ದರು. ನೀನು ಮುಖ ಎತ್ತಿರಲಿಲ್ಲ. ನಾಚಿಕೆ ಎಂದುಕೊಂಡು ನಾನು ಚಿಗಳಿ ತಿಂದೆ.

ಪಾಠ ಮುಗಿದ ಸಂಜೆ ನೀನು ನೀರಿನ ತೊಟ್ಟಿಯ ಹತ್ತಿರ ನನಗಾಗಿ ಕಾದಿದ್ದೆ. ಇಡೀ ತರಗತಿಯಲ್ಲಿ ಪ್ರಶ್ನೆ ಇದ್ದವಳು ನೀನೊಬ್ಬಳು.

"ಮಿಸ್, ಯಾರಿಗೂ ಹೇಳಬ್ಯಾಡಿ. ನಂಗೆ ಇನ್ನೂ ಆಗೇ ಇಲ್ಲ. ಮಾವನ ಮನೆಯೋರು ಬ್ಯಾರೆ ಹುಡುಗಿ ನೋಡ್ತಾರೆ ಅಂತ ನಮ್ಮವ್ವ ಸುಳ್ಳು ಆರತಿ ಮಾಡಿಸ್ತು. ತಿಂಗಳಿಗೊಂದ್ಸಲ ಮಾತ್ರ ಹೊಟ್ಟೆ ಹಿಂಡ್ಕಂಡು ಬತ್ತೈತೆ ಮಿಸ್, ಎರಡು ದಿನ ಇದ್ದು ಹೋಯ್ತೈತೆ. ನೀವು ಹೇಳಿದ್ದು ನಂಗ್ಯಾಕೆ ಆಗಲ್ಲ?"

ಕಡೂರಿನ ಆ ಡಾಕ್ಟರ ಮಾತು ಆ ಕ್ಷಣವೇ ನೆನಪಾಯಿತು. ಒಂದಕ್ಷರ ಬಿಡದೆ ನೆನಪಾಯಿತು. ಆಮೇಲೆ ನೆನಪಾದದ್ದು ನನ್ನ ತಾಪತ್ರಯ. ನಿಮ್ಮ ಮನೆಗೆ ಹೋಗಬೇಕು, ನಿಮ್ಮವ್ವನ ಸುಳ್ಳನ್ನು ಕೆದಕಬೇಕು, ನಿನ್ನನ್ನು ಕರೆದುಕೊಂಡು ತರೀಕೆರೆ ಆಸ್ಪತ್ರೆಯ ಬಸ್ಸು ಹತ್ತಬೇಕು... ಹಳ್ಳಿಯವರ ಹೊಟ್ಟೆನೋವು ನನಗೇಕೆ ಎನ್ನಿಸಿತು. ಇಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ಸಿಕ್ಕುವುದಿಲ್ಲ. "ಆಗುತ್ತೆ ಬಿಡು, ಜೀರಿಗೆ ಕಷಾಯ ಕುಡಿ," ಎಂದೆ. ನೀನು ನಂಬಿ ಹೋದೆ. ಲೆಕ್ಕದಲ್ಲಿ ತರಗತಿಗೇ ಮೊದಲಿದ್ದ ಹುಡುಗಿ, ಟೀಚರ್ ಟ್ರೈನಿಂಗ್ ಸೇರುತ್ತೇನೆ ಎನ್ನುತ್ತಿದ್ದ ಹುಡುಗಿ — ನನ್ನ ಬಾಯಿಂದ ಬಂದ ಸೋಮಾರಿತನವನ್ನೇ ಔಷಧಿ ಎಂದು ತೆಗೆದುಕೊಂಡು ಹೋದೆ.

ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರವಾಗುವ ಹೊತ್ತಿಗೆ ಲಂಗ ದಾವಣಿಯಲ್ಲಿ ನಿನ್ನ ಹೊಟ್ಟೆ ಮುಚ್ಚಿಡಲಾಗದಷ್ಟು ಕಾಣುತ್ತಿತ್ತು. ಸ್ಟಾಫ್ ರೂಮಿನಲ್ಲಿ ಮೇಷ್ಟರುಗಳಿಗೆ ಇದ್ದಕ್ಕಿದ್ದಂತೆ ಶರೀರಶಾಸ್ತ್ರವೆಲ್ಲ ಬಂದುಬಿಟ್ಟಿತು. ಪಾಠ ಮಾಡಲು ನಾಲಿಗೆ ಏಳದವರು ನಿನ್ನ ಹೊಟ್ಟೆಗೆ ತಿಂಗಳು ಎಣಿಸುವಾಗ ಎಷ್ಟು ಚುರುಕಾಗಿದ್ದರು! ನಾನು ಅವರ ನಡುವೆ ಕೂತು ಕಾಪಿ ತಿದ್ದುತ್ತಿದ್ದೆ. ಅವರನ್ನು ಕಂಡು ಹೇಸುವ ಹಕ್ಕೂ ನನಗಿಲ್ಲ — ಅವರಿಗೆ ಗೊತ್ತಿರಲಿಲ್ಲ.

ಹೆಡ್ಮಾಸ್ಟರು ನನ್ನನ್ನು ಕರೆಸಿದರು. "ನಿಮ್ಮ ಆ ಪಾಠ ಆದ್ಮೇಲೆ ತಾನೆ ಮೇಡಂ ಇದೆಲ್ಲ? ಕಮಿಟಿಯೋರು ಕೇಳ್ತಿದಾರೆ. ಹುಡುಗೀರಿಗೆ ಏನೇನು ಹೇಳ್ಕೊಟ್ರಿ?" ಎಂದರು. ಈಗ ನಿಜ ಹೇಳಿದರೆ, ನೀನು ನನ್ನ ಹತ್ತಿರ ಬಂದಿದ್ದೆ ಎಂಬುದೂ ಹೊರಬೀಳುತ್ತದೆ; ಗೊತ್ತಿದ್ದೂ ಇಷ್ಟು ತಿಂಗಳು ಆಸ್ಪತ್ರೆಗೆ ಕಳಿಸಲಿಲ್ಲವೇಕೆ ಎಂಬ ಪ್ರಶ್ನೆ ಬರುತ್ತದೆ. "ದಾಸವಾಳದ ಪಾಠ ಮಾಡಿದೆ ಸರ್, ಅಷ್ಟೇ," ಎಂದೆ. ಅವರಿಗೆ ಸಮಾಧಾನವಾಯಿತು. ನನಗೂ — ಹೌದು, ಹೇಳಿಬಿಡುತ್ತೇನೆ — ನನಗೂ ಸಮಾಧಾನವಾಯಿತು.

ನಿಮ್ಮವ್ವ ನನ್ನ ಮನೆಗೆ ಬಂದಿದ್ದರು. ಇದು ನಿನಗೆ ಗೊತ್ತೋ ಇಲ್ಲವೋ. ಹಿತ್ತಲ ಬಾಗಿಲಿಗೆ ಬಂದು, ಒಳಗೆ ಕರೆದರೂ ಬಾರದೆ, ಹೊಸ್ತಿಲಾಚೆ ನಿಂತೇ ಕೇಳಿದರು: "ಟೀಚರಮ್ಮ, ನೀವು ಓದ್ದೋರು. ನಿಮಗೊಂದು ನಿಜ ಹೇಳ್ತೀನಿ, ಮಗಳು ನೆರೆದಿಲ್ಲ ಕಣವ್ವ, ಆರತಿ ಸುಳ್ಳೇ ಮಾಡಿಸ್ದೆ. ಅವಳು ನೋಡಿದ್ರೆ ದೇವರಾಣೆ ಏನೂ ಇಲ್ಲ ಅಂತಾಳೆ. ಅವರಪ್ಪ ಹೊಡ್ದು ಹೊಡ್ದು ಹಾಕ್ತಾವ್ನೆ. ನೆರೀದಿರಾ ಹುಡುಗಿಗೆ ಹಿಂಗಾಯ್ತದಾ? ಇದು ಬ್ಯಾರೆ ಏನಾರ ಕಾಯಿಲೆನಾ? ನೀವೊಂದು ಮಾತು ಹೇಳ್ರವ್ವ, ಅವರಪ್ಪ ಕೇಳ್ತಾನೆ."

ಊರಿಗೆ ಸುಳ್ಳು ಹೇಳಿದ ಹೆಂಗಸು ಮಗಳಿಗೋಸ್ಕರ ಆ ಸುಳ್ಳನ್ನು ತಾನೇ ಬಿಚ್ಚಿ ನನ್ನ ಮುಂದೆ ಇಟ್ಟಿದ್ದರು. ಓದು ಬಾರದವರು, ಆದರೂ ಸರಿಯಾದ ಪ್ರಶ್ನೆಯನ್ನೇ ಕೇಳಿದ್ದರು. ಮತ್ತು ನಾನು — ಬಿ.ಎಸ್ಸಿ., ಬಿ.ಎಡ್., ಆರೋಗ್ಯ ಶಿಕ್ಷಣದಲ್ಲಿ ತರಬೇತಿ ಪಡೆದವಳು — ಹೇಳಿದ್ದು ಇದು:

"ಅದೆಲ್ಲ ನನಗೇನು ಗೊತ್ತಮ್ಮ? ನಿಮ್ಮ ಮಗಳನ್ನೇ ಕೇಳಿ."

ನಿಮ್ಮವ್ವ ಸೆರಗು ತಲೆಗೆಳೆದುಕೊಂಡು ಹೋದರು. ಆ ವಾರವೇ ಶಾಲೆಯಿಂದ ನಿನಗೆ ಟಿ.ಸಿ. ಕೊಟ್ಟು ಕಳಿಸಿದರು. ಹೊಟ್ಟೆ ಇಳಿಸಲೆಂದು ಯಾರೋ ಕೊಟ್ಟ ಬೇರಿನ ಕಷಾಯ ಕುಡಿಸಿದ್ದು, ನೀನು ಜ್ವರದಲ್ಲಿ ಪ್ರಜ್ಞೆ ತಪ್ಪಿದ್ದು, ಕೊನೆಗೆ ತೆಂಗಿನಕಾಯಿ ಲಾರಿಯಲ್ಲಿ ಮಲಗಿಸಿಕೊಂಡು ತರೀಕೆರೆ ಆಸ್ಪತ್ರೆಗೆ ಒಯ್ದದ್ದು — ಎಲ್ಲ ನನಗೆ ಆಮೇಲೆ ತಿಳಿಯಿತು. ಅಲ್ಲಿ ಡಾಕ್ಟರಮ್ಮ ಒಂದು ತೆಳ್ಳನೆಯ ಪೊರೆಯನ್ನು ಬಿಡಿಸಿದರಂತೆ. ಒಳಗೆ ನಿಂತಿದ್ದ ರಕ್ತವೆಲ್ಲ ಹೋಗಿ ಹೊಟ್ಟೆ ಇಳಿಯಿತಂತೆ. ಮೊದಲೇ ಬಂದಿದ್ದರೆ ಒಂದು ಗಳಿಗೆಯ ಕೆಲಸ. "ಹೈಸ್ಕೂಲ್ ಓದೋ ಹುಡುಗಿ ಅಂತೀರಿ, ಅಲ್ಲಿ ಯಾರೂ ಏನೂ ಹೇಳ್ಕೊಡಲ್ವಾ?" ಎಂದು ನಿಮ್ಮಪ್ಪನಿಗೆ ಬೈದರಂತೆ.

ಊರು ಅದನ್ನು ಹೇಗೆ ಕೇಳಿಸಿಕೊಂಡಿತು ಗೊತ್ತಲ್ಲ. ಹೋಗುವಾಗ ಹೊಟ್ಟೆಯಿತ್ತು, ಬರುವಾಗ ಇಲ್ಲ — ತರೀಕೆರೆಯಲ್ಲಿ ತೆಗೆಸಿಕೊಂಡು ಬಂದಳು. ನಿನ್ನನ್ನು ಬದುಕಿಸಿದ ಆಪರೇಷನ್ನೇ ನಿನ್ನ ಮೇಲಿನ ಅಪವಾದಕ್ಕೆ ಸಾಕ್ಷಿಯಾಯಿತು. ನಿಮ್ಮವ್ವ ನಿಜ ಹೇಳಿಕೊಂಡು ಮನೆಮನೆ ತಿರುಗಿದರೂ, ಸುಳ್ಳು ಆರತಿ ಮಾಡಿಸಿದವಳ ಮಾತು ಯಾರು ನಂಬುತ್ತಾರೆ? ಆಗಲಾದರೂ ನಾನು ಎದ್ದು ನಿಂತು ಹೇಳಬಹುದಿತ್ತು. ಓದಿದವಳು, ಹೊರಗಿನವಳು, ನನ್ನ ಮಾತಿಗೆ ಬೆಲೆಯಿತ್ತು. ಆ ಬೆಲೆಯನ್ನು ಕಾಪಾಡಿಕೊಳ್ಳಬೇಕೆಂದೇ ಸುಮ್ಮನಿದ್ದೆ. ಮಾವನ ಮನೆಯವರು ಸಂಬಂಧ ಮುರಿದರು. ನಿನ್ನನ್ನು ಪಂಚನಹಳ್ಳಿಯ ಕಡೆ ಎರಡನೆಯ ಸಂಬಂಧಕ್ಕೆ ಕೊಟ್ಟರು ಎಂದು ಕೇಳಿದೆ. ಪರೀಕ್ಷೆಗೆ ನೀನು ಕೂರಲೇ ಇಲ್ಲ.

ನಾನು? ನನಗೆ ಬಡ್ತಿಯಾಯಿತು. ಈಗ ಸುತ್ತಲಿನ ಶಾಲೆಗಳ ಟೀಚರುಗಳಿಗೆ ಇದೇ ವಿಷಯದಲ್ಲಿ ತರಬೇತಿ ಕೊಡುವವಳು ನಾನೇ. "ನಾಚಿಕೆ ಬಿಡಿ, ಮಕ್ಕಳ ಪ್ರಶ್ನೆಗೆ ಕಿವಿ ಕೊಡಿ," ಎಂದು ಮೈಕಿನಲ್ಲಿ ಹೇಳುತ್ತೇನೆ. ಚಪ್ಪಾಳೆ ಬೀಳುತ್ತದೆ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ — ಈ ಗಾದೆಯನ್ನು ನನ್ನಂಥವಳನ್ನು ಕಂಡೇ ಕಟ್ಟಿರಬೇಕು.

ಇಪ್ಪತ್ತು ವರ್ಷವಾದ ಮೇಲೆ ಮೊನ್ನೆ ನೀನು ಶಾಲೆಗೆ ಬಂದಾಗ ಮೊದಲು ಗುರುತು ಸಿಗಲಿಲ್ಲ. ನಿನ್ನ ತಂಗಿಯ ಮಗಳನ್ನು ಎಂಟನೆಯ ತರಗತಿಗೆ ಸೇರಿಸಲು ಕೈಹಿಡಿದು ಕರೆತಂದಿದ್ದೆ. ನಿನಗೆ ಮಕ್ಕಳಾಗಲಿಲ್ಲವಂತೆ, ಆ ಕಷಾಯದಿಂದಲೋ, ತಡವಾದದ್ದರಿಂದಲೋ ಎಂದು ನಾನು ಕೇಳಲಿಲ್ಲ, ಕೇಳುವ ಬಾಯಿ ನನ್ನದಲ್ಲ. ನೀನೇ ನನ್ನ ಕೈ ಹಿಡಿದುಕೊಂಡೆ.

"ಇವಳಿಗೆ ಎಲ್ಲಾ ಬಿಡಿಸಿ ಹೇಳಿ ಮಿಸ್. ನಂಗಂತೂ ಹೇಳೋರು ಯಾರೂ ಇರ್ಲಿಲ್ಲ. ಆಗ ನಿಮ್ಗಾದ್ರೂ ಏನು ಗೊತ್ತಿತ್ತು ಪಾಪ, ನೀವೂ ಚಿಕ್ಕೋರೇ. ನಿಮ್ಮ ಮ್ಯಾಲೆ ನಂಗೆ ಬ್ಯಾಸರ ಇಲ್ಲ ಕಣ್ ಮಿಸ್."

ನಾನು ತಲೆಯಾಡಿಸಿದೆ, ಹಾಲಮ್ಮ. "ಹೂಂ ಕಣಮ್ಮ, ಆಗ ನನಗೂ ಏನೂ ತಿಳಿಯುತ್ತಿರಲಿಲ್ಲ," ಎಂದೂ ಹೇಳಿದೆ. ನೀನು ಕ್ಷಮಿಸಿದ್ದು ಏನೂ ತಿಳಿಯದ ಒಬ್ಬ ಹೆಂಗಸನ್ನು. ಅವಳಿಗೆ ಬಂದ ಕ್ಷಮೆಯನ್ನು ನಾನು ಕೈಚಾಚಿ ತೆಗೆದುಕೊಂಡೆ. ಮೊದಲಿನ ತಪ್ಪಿಗಿಂತ ಇದು ಹೊಲಸು ಎನ್ನಿಸುತ್ತಿದೆ; ಆಗ ಭಯವಾದರೂ ಇತ್ತು, ಈಗ ಅದೂ ಇರಲಿಲ್ಲ.

ನೀನು ಇನ್ನೂ ತವರಿನಲ್ಲೇ ಇದ್ದೀಯಂತೆ. ಈ ಭಾನುವಾರ ಬುಕ್ಕಾಂಬುಧಿಗೆ ಬರುತ್ತೇನೆ. ಒಳಗೆ ಕರೆಯಬೇಡ, ಜಗಲಿಯ ಮೇಲೆ, ನಾಲ್ಕು ಜನಕ್ಕೆ ಕೇಳುವ ಹಾಗೆ, ಆಗಲೇ ನನಗೆ ಗೊತ್ತಿತ್ತು ಎಂದು ಮೊದಲು ನಿಮ್ಮವ್ವನಿಗೆ ಹೇಳುತ್ತೇನೆ, ಆಮೇಲೆ ನಿನಗೆ. ಕ್ಷಮಿಸು ಎಂದು ಕೇಳುವುದಿಲ್ಲ. ನೀನು ಈಗಾಗಲೇ ಕೊಟ್ಟಿರುವ ಕ್ಷಮೆಯನ್ನು ವಾಪಸು ಕೊಡಲು ಬರುತ್ತಿದ್ದೇನೆ.