ನನ್ನ ಬಾಯಿಗೆ ಬಂದ ತೆಲುಗು

ಮೈಮೇಲೆ ದೆವ್ವ ಬಂದು ಗೊತ್ತಿಲ್ಲದ ಭಾಷೆ ಮಾತಾಡಿಸುತ್ತದೆ ಎಂದು ಯಾರಾದರೂ ಹೇಳಿದರೆ, ಕೆಲಸ ತಪ್ಪಿಸಿಕೊಳ್ಳುವ ಆಟ ಎಂದು ಮುಖದ ಮೇಲೇ ಅನ್ನುತ್ತಿದ್ದೆ. ಈಗಲೂ ದೆವ್ವವನ್ನು ನಂಬುವುದಿಲ್ಲ. ಆದರೆ ನನಗಾದದ್ದನ್ನು ಹೇಳದೆ ಹೊಟ್ಟೆಯ ಉರಿ ಆರುವುದಿಲ್ಲ.

ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ, ಕೋಣನಕುಂಟೆಯ ನಮ್ಮ ಮನೆಯಲ್ಲಿ ಅವರೆಕಾಳು ಹಿದುಕುತ್ತಾ ಕೂತಿದ್ದೆ. ಬಲಗೈ ಇದ್ದಕ್ಕಿದ್ದಂತೆ ಸತ್ತ ಹಾಗಾಯಿತು. ಮಗನನ್ನು ಕೂಗಿದೆ. ಬಾಯಿಂದ ಹೊರಟದ್ದು ಕನ್ನಡವಲ್ಲ, ತೊದಲು ತೊದಲಾಗಿ ಬೇರೆ ಯಾವುದೋ ಭಾಷೆ. ಮನೆಯವರ ಕನ್ನಡವೆಲ್ಲ ನನಗೆ ಅರ್ಥವಾಗುತ್ತಿತ್ತು. ನನಗೆ ಮಾತ್ರ ಕನ್ನಡದ ಒಂದು ಪದವೂ ಆಡಲಾಗಲಿಲ್ಲ.

"ಅಮ್ಮನ ಮೈಮೇಲೆ ಯಾರೋ ಬಂದವ್ರೆ" ಎಂದು ಮಗ ಮಂಜ ಗಿರಿನಗರದ ಮಂತ್ರವಾದಿಗೆ ಫೋನ್ ಮಾಡಿದ. ಆಸ್ಪತ್ರೆ ಇದ್ದದ್ದು ಎರಡು ಬೀದಿ ಆಚೆ. ಮಂತ್ರವಾದಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಮಧ್ಯಾಹ್ನಕ್ಕೆ ಬಂದ. ಬೇವಿನ ಸೊಪ್ಪಿನಲ್ಲಿ ಬೆನ್ನಿಗೆ ಬಾರಿಸುತ್ತಾ, "ಹೇಳೇ, ಯಾವೂರ್ ನಿಂದು? ಏನ್ ಬೇಕು, ಕೋಳಿ ಬೇಕಾ?" ಎಂದ. ಚೆನ್ನಾಗಿ ಬೈದೆ. ಅದೂ ಅದೇ ಭಾಷೆಯಲ್ಲಿ ಹೊರಟಿತು. "ನೋಡಿ, ಹೆಂಗ್ ರೇಗ್ತಾಳೆ!" ಎಂದು ಅವನಿಗೆ ಖುಷಿ.

ಗಲಾಟೆ ಕೇಳಿ ಮಹಡಿಯಲ್ಲಿ ಬಾಡಿಗೆಗಿದ್ದ ಪದ್ಮಮ್ಮ ಇಳಿದು ಬಂದಳು. ಅನಂತಪುರದ ಕಡೆಯವಳು. "ಮಂಜಣ್ಣ, ದೆವ್ವನೂ ಇಲ್ಲ, ಗಿವ್ವನೂ ಇಲ್ಲ, ಇದು ತೆಲುಗು! ಕೈ ಬಿದ್ದೋಯ್ತು, ಆಸ್ಪತ್ರೆಗೆ ಕರ್ಕೊಂಡೋಗ್ರೋ ಅಂತ ಬಡ್ಕೋತಾವ್ರೆ!"

ಆಮೇಲೆ ಆಟೋ ಬಂತು. ಡಾಕ್ಟರು ಲಕ್ವ ಎಂದರು. "ಬೆಳಗ್ಗೆನೇ ತಂದಿದ್ರೆ ಕೈ ಉಳೀತಿತ್ತೇನೋ" ಎಂದೂ ಅಂದರು.

ನನ್ನ ತಾಯಿ ತೆಲುಗಿನವಳು. ನನಗೆ ಎರಡು ವರ್ಷ ತುಂಬುವ ಮೊದಲೇ ಸತ್ತಳು. ಆಮೇಲೆ ನಮ್ಮ ಮನೆಯಲ್ಲಿ ಆ ಭಾಷೆ ಆಡಿದವರಿಲ್ಲ. ಬೀದಿಯಲ್ಲಿ ಕಿವಿಗೆ ಬಿದ್ದರೂ ನನಗೆ ತಿಳಿಯುತ್ತಿರಲಿಲ್ಲ. ಮೆದುಳಿಗೆ ಪೆಟ್ಟಾದಾಗ ಒಂದು ಭಾಷೆ ಹೋಗಿ ಇನ್ನೊಂದು ಉಳಿಯುವುದುಂಟು, ಕೂಸಾಗಿದ್ದಾಗ ಕೇಳಿದ್ದು ಒಳಗೆಲ್ಲೋ ಇರಬಹುದು ಎಂದರು ಡಾಕ್ಟರು. ಇರಲಿ. ಮಂತ್ರವಾದಿಗೆ ನಾನು ಬೈದ ಬೈಗುಳ ಏನೆಂದು ಹೇಳಲು ಪದ್ಮಮ್ಮ ಇವತ್ತಿಗೂ ನಾಚುತ್ತಾಳೆ. ಎರಡು ವರ್ಷ ತುಂಬದ ಕೂಸಿಗೆ ಅದನ್ನು ಕಲಿಸಿದವರು ಯಾರು?

ಎಂಟನೆಯ ದಿನ ಕನ್ನಡ ಮರಳಿತು, ತೆಲುಗು ಹೋಯಿತು. ಪದ್ಮಮ್ಮ ಹೇಳಿಕೊಟ್ಟರೂ ನಾಲಗೆ ಹೊರಳುವುದಿಲ್ಲ. ಕೈ ಮರಳಲೇ ಇಲ್ಲ. ಮಗ ಮಾತ್ರ ಬಂದವರ ಮುಂದೆಲ್ಲ, "ಮಂತ್ರ ಹಾಕ್ಸಿದ್ಕೆ ಬಚಾವಾದ್ಳು" ಅನ್ನುತ್ತಾನೆ.

ಆ ತೆಲುಗು ಎಲ್ಲಿಂದ ಬಂತೋ ನನಗೆ ತಿಳಿಯದು. ಎಲ್ಲಿಂದಲಾದರೂ ಬಂದಿರಲಿ, ಆವತ್ತು ನಮ್ಮ ಮನೆಯಲ್ಲಿ ಬುದ್ಧಿ ನೆಟ್ಟಗಿದ್ದದ್ದು ಅದಕ್ಕೊಂದಕ್ಕೇ.